ಅಂಕಿ ಇಲ್ಲದ ಕಬ್ಬಿಣ

ಹತ್ತೊಂಬತ್ತು ವರ್ಷ ಬೆಂಕಿಯ ಮುಂದೆ ಕೂತ ಮನುಷ್ಯ ಇಲ್ಲವೇ ಇಲ್ಲ ಅಂತ ಹೇಳಲು ಒಂದು ಸಾಲು ಸಾಕು. ಆ ಸಾಲನ್ನು ನಾನು ನನ್ನ ಫೋನಿನಲ್ಲೇ ಓದಿದೆ. 'ಅಭ್ಯರ್ಥಿ ಪರೀಕ್ಷೆಗೆ ಗೈರುಹಾಜರು.'

ಅಭ್ಯರ್ಥಿ ಅಂದರೆ ನನ್ನ ಗಂಡ. ವೆಲ್ಡಿಂಗ್ ಕೆಲಸ. ಗೇಟು, ಕಿಟಕಿ, ಮೆಟ್ಟಿಲ ಕಂಬಿ, ನೀರಿನ ಟ್ಯಾಂಕಿನ ಸ್ಟ್ಯಾಂಡು, ಏನು ಹೇಳಿದರೂ ಮಾಡುತ್ತಾರೆ. ಅವರ ಎಲ್ಲ ಅಂಗಿಯ ಎದೆಯ ಮೇಲೂ ಕಿಡಿ ಬಿದ್ದು ಸಾಸಿವೆ ಕಾಳಿನಷ್ಟು ತೂತುಗಳಿವೆ. ನಾನು ಜೆರಾಕ್ಸ್ ಅಂಗಡಿಯಲ್ಲಿ ಕೂರುವವಳು. ಊರಿನವರ ಅರ್ಜಿಗಳನ್ನೆಲ್ಲ ತುಂಬಿ ಕೊಟ್ಟವಳಿಗೆ ಗಂಡನ ಅರ್ಜಿ ಒಂದು ಲೆಕ್ಕವೇ ಅಂದುಕೊಂಡಿದ್ದೆ. ಅಹಂಕಾರಕ್ಕೆ ಉದಾಸೀನವೇ ಮದ್ದು ಅನ್ನುತ್ತಾರೆ. ನನ್ನ ಅಹಂಕಾರಕ್ಕೆ ಸರ್ಕಾರಿ ಕಾಗದ ಮದ್ದಾಯಿತು.

ಹೊರದೇಶಕ್ಕೆ ಹೋಗಿ ದುಡಿಯುವ ವೀಸಾಕ್ಕೆ ಮೂರು ದಾರಿ ಇವೆ. ಅಲ್ಲಿಯ ಕಂಪನಿಯೇ ಕರೆಸಿಕೊಳ್ಳುವುದು ಒಂದು. ಅದಕ್ಕೆ ಅಲ್ಲಿ ಯಾರಾದರೂ ಪರಿಚಯದವರು ಬೇಕು, ನಮಗೆ ಪಕ್ಕದ ಬೀದಿಯಲ್ಲೇ ಪರಿಚಯದವರಿಲ್ಲ. ಇಲ್ಲಿಯ ಮಾಲೀಕರಿಂದ ಹತ್ತು ವರ್ಷದ ಅನುಭವ ಪತ್ರ ತರುವುದು ಇನ್ನೊಂದು. ಅದೂ ಇಲ್ಲದವರು ಕೈಕೆಲಸದ ಪರೀಕ್ಷೆಗೆ ಕೂತು ಪಾಸಾಗಬೇಕು. ಯಾವ ದಾರಿ ಹಿಡಿದರೂ ನಲವತ್ತೈದು ತುಂಬುವುದರೊಳಗೆ ಅರ್ಜಿ ಹಾಕಬೇಕು. ಇವರಿಗೆ ನಲವತ್ತೈದು ತುಂಬಲು ಉಳಿದಿದ್ದದ್ದು ನಾಲ್ಕು ತಿಂಗಳು.

ಅನುಭವ ಪತ್ರ ಕೇಳಲು ಮೊದಲು ವರ್ಕ್‌ಶಾಪಿಗೇ ಹೋದೆ. ಮಾಲೀಕ ಹಾಜರಿ ಪುಸ್ತಕ ತೆಗೆದು ತೋರಿಸಿದ. ಹತ್ತೊಂಬತ್ತು ವರ್ಷವೂ ಇವರ ಹೆಸರಿನ ಮುಂದೆ 'ಹೆಲ್ಪರ್' ಅಂತಲೇ ಇತ್ತು.

"ವೆಲ್ಡರ್ ಅಂತ ಬರೆದುಕೊಡಿ ಅಣ್ಣಾ," ಅಂದೆ.

"ಪುಸ್ತಕದಲ್ಲಿ ಇರೋದನ್ನ ಬಿಟ್ಟು ಬೇರೆ ಹೇಗಮ್ಮಾ ಬರೀಲಿ? ಸುಳ್ಳು ಹೇಳೋದಕ್ಕಾಗುತ್ತಾ?"

"ಹಾಗಾದ್ರೆ ನಿಮ್ಮ ಅಂಗಡೀಲಿ ವೆಲ್ಡರ್ ಯಾರು?"

ಅವನು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಫೋನು ಬಡಿದುಕೊಂಡಿರಲೇ ಇಲ್ಲ. ಸತ್ಯವಂತನ ನಾಟಕ ನೋಡಿ ನನಗೆ ಮೈಯೆಲ್ಲ ಉರಿಯಿತು. ಆ ವರ್ಕ್‌ಶಾಪಿನ ಬೋರ್ಡಿನಿಂದ ಹಿಡಿದು ಅವನು ಕೂರುವ ಕುರ್ಚಿಯ ಕಾಲಿನವರೆಗೆ ಎಲ್ಲವನ್ನೂ ಬೆಸೆದದ್ದು ಇವರು.

ಹೀಗಾಗಿ ಪರೀಕ್ಷೆಯೊಂದೇ ಉಳಿಯಿತು. ಅಂಗೈಯಗಲದ ಎರಡು ಕಬ್ಬಿಣದ ಪಟ್ಟಿ ಕೊಡುತ್ತಾರೆ. ಅದನ್ನು ಬೆಸೆದು, ಬೆಸುಗೆಯ ಉಬ್ಬನ್ನು ಉಜ್ಜಿ ಸಮ ಮಾಡಿ, ಮೇಜಿನ ಮೇಲಿಟ್ಟು ಬರಬೇಕು. ಆಮೇಲೆ ಅವರು ಯಂತ್ರದಲ್ಲಿಟ್ಟು ಬಗ್ಗಿಸಿ ನೋಡುತ್ತಾರೆ. ಬಿರುಕು ಬಿಡದಿದ್ದರೆ ಪಾಸು. ಅವತ್ತು ಬೆಳಗ್ಗೆಯಿಂದ ನಾನು ಕೇಂದ್ರದ ಗೇಟಿನ ಹೊರಗೆ ನಿಂತಿದ್ದೆ. ಸಂಜೆ ಇವರು ಮದುವೆ ಗಂಡಿನ ಹಾಗೆ ನಗುತ್ತಾ ಬಂದರು.

"ಹೇಗಾಯ್ತು?"

"ಬೆರಳಿಟ್ರೆ ಜಾರುತ್ತೆ ಕಣೇ. ಗಾಜು ಗಾಜು."

ಇವರ ಬಾಯಲ್ಲಿ ಇಷ್ಟು ದೊಡ್ಡ ಮಾತು ನಾನು ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಅತ್ತೆಗೂ ಹೇಳಿದರು. ಮಗಳು ಹೊರದೇಶದ ಶಾಲೆಯ ಬ್ಯಾಗು ಎಂಥದಿರುತ್ತದೆ ಅಂತ ಕೇಳಿದಳು. ಮೂರನೇ ವಾರ ಈ ಗೈರುಹಾಜರಿಯ ಸಾಲು ಬಂತು.

ಮಾರನೆಯ ದಿನ ಅಂಗಡಿಗೆ ರಜೆ ಹಾಕಿ ಇವರನ್ನು ಎಳೆದುಕೊಂಡೇ ಹೋದೆ. "ಬಿಡೇ, ಏನೋ ತಪ್ಪಾಗಿರ್ಬೇಕು, ಅವರೇ ಸರಿ ಮಾಡ್ತಾರೆ," ಅಂತ ದಾರಿಯುದ್ದಕ್ಕೂ ಗೊಣಗಿದರು. ತನ್ನಷ್ಟಕ್ಕೆ ತಾನೇ ತಪ್ಪು ಸರಿ ಮಾಡಿಕೊಂಡ ಕಚೇರಿಯನ್ನು ನಾನಂತೂ ಈ ಜನ್ಮದಲ್ಲಿ ಕಂಡಿಲ್ಲ.

ಪರೀಕ್ಷಾಧಿಕಾರಿ ಒಳ್ಳೆಯ ಮನುಷ್ಯನೇ. ಕೂರಿಸಿದ, ನೀರು ತರಿಸಿದ. ಒಳ್ಳೆಯವರ ಜೊತೆ ಜಗಳ ಆಡುವುದು ಇನ್ನೂ ಕಷ್ಟ.

"ನೋಡಿಮ್ಮಾ, ಇವರ ನಂಬರ್ ಇರೋ ಕಬ್ಬಿಣದ ಪಟ್ಟಿ ನಮಗೆ ಬಂದಿಲ್ಲ. ಪಟ್ಟಿ ಇಲ್ಲ ಅಂದ್ರೆ ಗೈರುಹಾಜರು ಅಂತಲೇ ಲೆಕ್ಕ."

"ಗೇಟಿನ ರಿಜಿಸ್ಟರಲ್ಲಿ ಸಹಿ ಇದೆಯಲ್ಲ?"

"ಸಹಿ ಇದ್ರೆ ಒಳಗೆ ಬಂದರು ಅಂತಾಯ್ತು. ಕೆಲಸ ಮಾಡಿದ್ರು ಅಂತ ಹೇಗಾಗುತ್ತೆ?"

"ಹಾಗಾದ್ರೆ ಬೆಳಗ್ಗೆಯಿಂದ ಸಂಜೇವರೆಗೆ ಒಳಗೆ ನಿದ್ದೆ ಮಾಡ್ತಿದ್ರಾ? ಪರೀಕ್ಷೆಗೆ ಬಂದ ಪಟ್ಟಿಗಳೆಲ್ಲ ಎಲ್ಲಿವೆ ತೋರ್ಸಿ."

ಹಿಂದಿನ ಷೆಡ್ಡಿಗೆ ಕರೆದುಕೊಂಡು ಹೋದ. ಮೂಲೆಯಲ್ಲಿ ಒಂದು ದೊಡ್ಡ ಡ್ರಮ್ಮು, ಅದರ ತುಂಬ ತುಕ್ಕು ಹಿಡಿಯುತ್ತಿದ್ದ ಪಟ್ಟಿಗಳು. ಬಗ್ಗಿಸಿ ನೋಡಿದವು ಎಲ್ಲ ಬಿಲ್ಲಿನ ಹಾಗೆ ಮಣಿದಿದ್ದವು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದೇ ಎತ್ತಿ ನೆಲಕ್ಕೆ ಹಾಕಿದೆ. ಅಧಿಕಾರಿ ಬೇಡ ಬೇಡ ಅಂದ. ಅಡಿಯಿಂದ ನಾಲ್ಕನೆಯದೋ ಐದನೆಯದೋ ಕೈಗೆ ಬಂದಾಗ ಜಾರಿತು. ಅದೊಂದೇ ಬಗ್ಗಿರಲಿಲ್ಲ. ಎರಡು ಪಟ್ಟಿ ಎಲ್ಲಿ ಕೂಡಿವೆ ಅಂತ ಬೆಳಕಿಗೆ ಹಿಡಿದರೂ ಗೊತ್ತಾಗಲಿಲ್ಲ.

"ಇದೇ," ಅಂದರು ಇವರು.

"ನಂಬರ್ ಎಲ್ರೀ?" ಅಂತ ಅಧಿಕಾರಿ ತಿರುಗಿಸಿ ತಿರುಗಿಸಿ ನೋಡಿದ. "ಎಲ್ಲಾ ಪಟ್ಟಿಗೂ ನಾವೇ ನಂಬರ್ ಕೊರೆದು ಕೊಟ್ಟಿರ್ತೀವಲ್ಲ?"

ಇವರ ಕಿವಿ ಕೆಂಪಾಯಿತು. ಆಮೇಲೆ ಮೆಲ್ಲಗೆ, "ಉಜ್ಜಿಬಿಟ್ಟೆ ಸಾರ್," ಅಂದರು.

"ನಂಬರನ್ನ?"

"ಅಭ್ಯಾಸ ಸಾರ್. ಕಬ್ಬಿಣದ ಮೇಲೆ ಅಂಕಿಗಿಂಕಿ ಇದ್ರೆ ಗಿರಾಕಿ ಗುಜರಿ ಮಾಲು ಹಾಕಿದೀರ ಅಂತ ಜಗಳಕ್ಕೆ ಬರ್ತಾರೆ. ನಮ್ಮ ಅಂಗಡೀಲಿ ಅಂಕಿ ಕಂಡ ಕೂಡಲೇ ಉಜ್ಜೋದೇ. ಕೈಗೇ ಬಂದುಬಿಟ್ಟಿದೆ."

ನನಗೆ ಅವರ ತಲೆಯ ಮೇಲೆ ಆ ಪಟ್ಟಿಯಿಂದಲೇ ಒಂದು ಇಕ್ಕಬೇಕು ಅನ್ನಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿಕೊಂಡವರು ಸ್ವತಃ ಇವರೇ. ಬೈಯಲು ಬಾಯಿ ತೆರೆದೆ. ಇವರು ಆ ಡ್ರಮ್ಮಿನ ಪಕ್ಕದಲ್ಲಿ, ಸ್ಲೇಟು ಒಡೆದ ಮಗುವಿನ ಹಾಗೆ ನಿಂತಿದ್ದರು. ಬೈಗುಳವೆಲ್ಲ ವರ್ಕ್‌ಶಾಪಿನ ಕಡೆ ತಿರುಗಿತು. ತನ್ನ ಗುರುತನ್ನು ತಾನೇ ಅಳಿಸಿಹಾಕುವುದನ್ನೇ ಕೆಲಸದ ಅಚ್ಚುಕಟ್ಟು ಅಂತ ಹತ್ತೊಂಬತ್ತು ವರ್ಷ ಕಲಿಸಿದವನು ಅವನು. ಪುಸ್ತಕದಲ್ಲಿ ಇವರ ಕಸುಬನ್ನು ಅವನು ಅಳಿಸಿದ, ಕಬ್ಬಿಣದ ಮೇಲೆ ಇವರ ಕೈಯಿಂದಲೇ ಅಳಿಸಿಸಿದ.

"ಬಗ್ಗಿಸಿ ನೋಡಿ," ಅಂದೆ ಅಧಿಕಾರಿಗೆ.

"ನಂಬರ್ ಇಲ್ದೆ ಬಗ್ಗಿಸಿ ಏನಮ್ಮಾ ಪ್ರಯೋಜನ?"

"ನನಗೋಸ್ಕರ ಬಗ್ಗಿಸಿ. ನಿಮ್ಮ ಯಂತ್ರ ಏನೂ ಸವೆದು ಹೋಗಲ್ಲ."

ಬಗ್ಗಿಸಿದ. ಯಂತ್ರ ನರಳಿತು, ಪಟ್ಟಿ ಮಣಿಯಿತು, ಎರಡು ತುದಿಯೂ ಹತ್ತಿರ ಬಂದವು. ಅಧಿಕಾರಿ ಕನ್ನಡಕ ಹಣೆಗೇರಿಸಿ ಕಣ್ಣನ್ನು ಕಬ್ಬಿಣಕ್ಕೆ ತಾಗಿಸುವಷ್ಟು ಹತ್ತಿರ ತಂದು ನೋಡಿದ. ಉಗುರಿನಿಂದ ಗೀರಿ ನೋಡಿದ.

"ಕೂದಲೆಳೆಯಷ್ಟೂ ಬಿರುಕಿಲ್ಲ," ಅಂದ. ದನಿ ಬೇರೆಯಾಗಿತ್ತು. "ಈ ವರ್ಷ ನಾನು ನೋಡಿದ್ರಲ್ಲೇ ಚೆನ್ನಾಗಿರೋದು ಇದು."

"ಹಾಗಾದ್ರೆ ಪಾಸು ಮಾಡಿ."

"ಯಾರನ್ನ ಮಾಡ್ಲಿ?"

"ಇವರನ್ನ! ಈಗ್ಲೇ ಇನ್ನೆರಡು ಪಟ್ಟಿ ಕೊಡಿ, ನಿಮ್ಮ ಕಣ್ಣೆದುರಿಗೇ ಮಾಡಿ ತೋರಿಸ್ತಾರೆ."

"ಇವತ್ತು ಪರೀಕ್ಷೆ ದಿನ ಅಲ್ವಲ್ಲಮ್ಮಾ. ಮುಂದಿನದು ಏಳು ತಿಂಗಳಿಗೆ."

"ಏಳು ತಿಂಗಳಿಗೆ ಇವರಿಗೆ ವಯಸ್ಸು ಮೀರಿರುತ್ತೆ."

"ನಿಯಮ ನಾನು ಮಾಡಿದ್ದಲ್ಲ," ಅಂದ. ಅದು ನಿಜವೇ. ನಿಯಮ ಮಾಡಿದವನು ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಸಿಗುವವರೆಲ್ಲ ಪಾಪದವರೇ.

ನಾನು ಆ ಷೆಡ್ಡಿನಲ್ಲೇ ನೆಲಕ್ಕೆ ಕೂತುಬಿಟ್ಟೆ. ನೋಡಿದ್ದನ್ನು ನೋಡಿದ ಹಾಗೆ ಬರೆದುಕೊಡುವ ತನಕ ಏಳುವುದಿಲ್ಲ ಅಂದೆ. ಇವರು "ಏಳೇ, ಜನ ನೋಡ್ತಾರೆ," ಅಂದರು. ನೋಡಲಿ ಅಂತಲೇ ಕೂತಿದ್ದೇನೆ ಅಂದೆ. ಅಧಿಕಾರಿ ಒಳಗೆ ಹೋಗಿ, ಅರ್ಧ ಗಂಟೆ ಬಿಟ್ಟು ಒಂದು ಹಾಳೆ ತಂದ. ಸಹಿ ಇತ್ತು, ಮೊಹರೂ ಇತ್ತು. ಬರೆದದ್ದು ಇಷ್ಟು: 'ಸದರಿ ಬೆಸುಗೆಯನ್ನು ಬಗ್ಗಿಸಿ ಪರಿಶೀಲಿಸಲಾಗಿ, ಅತ್ಯುತ್ತಮ ದರ್ಜೆಯದಾಗಿ ಕಂಡುಬಂದಿದೆ. ಕೆಲಸ ಮಾಡಿದವರು ಯಾರೆಂದು ತಿಳಿದುಬಂದಿಲ್ಲ.'

ಬಸ್ ನಿಲ್ದಾಣದಲ್ಲಿ ಆ ಹಾಳೆಯನ್ನು ಹರಿಯಲು ಎರಡೂ ಕೈಯಲ್ಲಿ ಹಿಡಿದೆ. ಇವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಹರೀಬೇಡ, ಕೊಡು ಇಲ್ಲಿ. ಅತ್ಯುತ್ತಮ ಅಂತ ಬರೆದಿದಾರೆ, ಅಮ್ಮನಿಗೆ ಓದಿ ಹೇಳ್ತೀನಿ," ಅಂದರು.

ಮಾಲೀಕನ ಮೇಲೆ ಬಂದ ಸಿಟ್ಟು ಏನೂ ಅಲ್ಲ, ಅಧಿಕಾರಿಯ ಮೇಲೆ ಬಂದದ್ದೂ ಏನಲ್ಲ. ಆ ಹಾಳೆಯನ್ನು ಇವರು ನಾಲ್ಕು ಮಡಿಕೆ ಮಾಡಿ, ಖುಷಿಯಿಂದ ಅಂಗಿಯ ಜೇಬಿಗೆ ಇಟ್ಟುಕೊಂಡರಲ್ಲ, ಆಗ ಬಂದ ಸಿಟ್ಟಿಗೆ ಬಸ್ಸಿಗೆ ಕಾಯುತ್ತಿದ್ದವರೆಲ್ಲರ ಎದುರಿಗೆ ನಾನು ಗೊಳೋ ಅಂತ ಅತ್ತುಬಿಟ್ಟೆ.