ಎಡಬಲ ತಪ್ಪಿದ ಬೆಳಕು

ಸಭಾಂಗಣದ ಹಿಂದಿನ ಕೋಣೆಯಲ್ಲಿ, ಗೋಡೆಗೆ ಅಂಟಿಸಲೆಂದು ತಂದಿದ್ದ ದೊಡ್ಡ ಚಿತ್ರವನ್ನು ಬಿಚ್ಚಿದ್ದೇ ತಡ, ಸಂಶೋಧಕಿಯ ಎದೆ ಧಸಕ್ಕೆಂದಿತು. ಗ್ಯಾಲಕ್ಸಿಯ ಸುರುಳಿ ತೋಳುಗಳು ಉಲ್ಟಾ ಸುತ್ತಿಕೊಂಡಿದ್ದವು.

ಎಂಥ ಎಡವಟ್ಟು ನೋಡಿ. ದೂರದರ್ಶಕಕ್ಕೆ ಹಾಕಿದ ಹೊಸ ಕ್ಯಾಮೆರಾದಲ್ಲಿ ಒಂದು ಕನ್ನಡಿ ಹೆಚ್ಚಿಗಿತ್ತು. ಅದರ ಚಿತ್ರದಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಕಂಪ್ಯೂಟರಿನಲ್ಲಿ ಮತ್ತೆ ತಿರುಗಿಸಿಕೊಳ್ಳಬೇಕು. ಈ ಮಹಾರಾಯಿತಿ ಅದನ್ನೇ ಮರೆತಿದ್ದಳು. ಹಳೆಯ ಕ್ಯಾಮೆರಾದ ಚಿತ್ರದೊಂದಿಗೆ ಹೋಲಿಸುವಾಗ ತೋಳುಗಳನ್ನೆಲ್ಲ ಕತ್ತರಿಸಿ, ಗ್ಯಾಲಕ್ಸಿಯ ನಟ್ಟನಡುವಿನ ಉಂಗುರವನ್ನಷ್ಟೇ ಇಟ್ಟುಕೊಂಡಿದ್ದಳು. ಉಂಗುರಕ್ಕೆ ಎಡವೇನು, ಬಲವೇನು? ಹಳೆಯ ಚಿತ್ರದಲ್ಲಿ ಬಲಗಡೆ ಹೊಳೆಯುತ್ತಿದ್ದ ನಕ್ಷತ್ರಗಳ ಗುಂಪು ಹೊಸದರಲ್ಲಿ ಎಡಗಡೆ ಕಂಡಿತು. ಹೊಸ ಕ್ಯಾಮೆರಾ ಧೂಳಿನಾಚೆಗೂ ನೋಡುತ್ತದೆ, ಅದಕ್ಕೇ ಹಳೆಯ ಗುಂಪು ಮಂಕಾಗಿ, ಧೂಳಿನ ಮರೆಯಲ್ಲಿ ಹುಟ್ಟುತ್ತಿರುವ ಹೊಸ ನಕ್ಷತ್ರಗಳು ಕಾಣುತ್ತಿವೆ ಎಂದು ಕುಣಿದಾಡಿ ಪ್ರಬಂಧವನ್ನೂ ಬರೆದಳು. ಈಗ ಅದನ್ನೇ ಪತ್ರಕರ್ತರ ಮುಂದೆ ಹೇಳಬೇಕು. ಹೇಳಿದರೆ ಸುಳ್ಳು, ಹೇಳದಿದ್ದರೆ ಕೆಲಸಕ್ಕೇ ಸಂಚಕಾರ. ಅವಳದು ತಾತ್ಕಾಲಿಕ ಹುದ್ದೆ. ಕಾಯಂ ಮಾಡುವುದು ಬಿಡುವುದು ಅವಳ ವಿಭಾಗದ ಮುಖ್ಯಸ್ಥರಾದ ಪ್ರೊಫೆಸರರ ಕೈಯಲ್ಲಿತ್ತು.

ಅಷ್ಟರಲ್ಲಿ ಅಮ್ಮನ ಫೋನು. "ಮುಂದಿನ ಸಾಲಲ್ಲೇ ಜಾಗ ಹಿಡಿದಿದ್ದೀನಿ ಕಣೇ. ಕಂಡುಹಿಡಿದಿದ್ದು ನನ್ನ ಮಗಳೇ ಅಂತ ಪಕ್ಕದವರಿಗೆಲ್ಲ ಹೇಳಿಬಿಟ್ಟೆ."

"ಯಾಕಮ್ಮ ಹೇಳೋಕೆ ಹೋದೆ?"

"ಮತ್ತಿನ್ನೇನು, ನಾನೇ ಕಂಡುಹಿಡಿದೆ ಅನ್ಲಾ? ಹೆದರ್ಕೋಬೇಡ, ಒಂಚೂರು ನೀರು ಕುಡಿ."

ಅವಳು ಫೋನಿಟ್ಟಳು. ಪ್ರೊಫೆಸರು ಒಳಗೆ ಬಂದರು. ಅವರು ಸಿಟ್ಟಿನಿಂದ ಗದರಿದರೆ ಕ್ಯಾಂಟೀನಿನಲ್ಲಿದ್ದವರೂ ಚಹಾ ಕೆಳಗಿಡುತ್ತಿದ್ದರು.

"ಸರ್, ಚಿತ್ರ ತಿರುಗಿಸೋದು ಮರೆತಿದ್ದೀನಿ. ಅದು ಹೊಸ ಗುಂಪಲ್ಲ. ಹಳೇದೇ."

ಬೈಗುಳಕ್ಕೆ ಅವಳು ಹಲ್ಲು ಕಚ್ಚಿ ಕಾದಳು. ಪ್ರೊಫೆಸರು ಬಾಗಿಲು ಮುಂದೆ ಮಾಡಿದರು.

"ಗೊತ್ತು. ಹೋದ ವಾರವೇ ನೋಡ್ದೆ."

"ಮತ್ತೆ ಹೇಳ್ಲೇ ಇಲ್ಲ?"

"ಎಲ್ಲರನ್ನೂ ಕರೆದಾಗಿತ್ತಲ್ಲ. ಉಂಗುರ ಒಂದನ್ನೇ ತೋರಿಸೋಣ, ಯಾರಿಗೂ ಗೊತ್ತಾಗಲ್ಲ." ಅವರು ದೊಡ್ಡ ಚಿತ್ರವನ್ನು ನಿಧಾನವಾಗಿ ಸುತ್ತಿ ಮೂಲೆಗಿಟ್ಟರು. "ಮುಂದೆ ಯಾವತ್ತಾದ್ರೂ ಗೊತ್ತಾದ್ರೂ, ಪ್ರಬಂಧದಲ್ಲಿ ಮೊದಲ ಹೆಸರು ನಿಂದಲ್ವಾ ತಾಯಿ, ಕೇಳೋದು ನಿನ್ನನ್ನೇ."

ಕೂಗಾಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ಮೆತ್ತಗಿನ ಮಾತೇ ಹೆಚ್ಚು ಹೆದರಿಸಿತು. ಇಂಥವರ ಕೈಕೆಳಗೆ ಕೆಲಸ ಕಾಯಂ ಆಯಿತೆಂದರೆ ಈ ಹೆದರಿಕೆಯೂ ಕಾಯಂ.

ಅವಳು ವೇದಿಕೆ ಹತ್ತಿದಳು. ಹಿಂದಿನ ಪರದೆಯ ಮೇಲೆ ಉಂಗುರ, ಎಡಗಡೆ ಬೆಳಕು. ಪಕ್ಕದ ಕುರ್ಚಿಯಲ್ಲಿ ಪ್ರೊಫೆಸರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವಳು ಮೈಕನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು.

"ಈ ಚಿತ್ರ ತಪ್ಪು," ಎಂದಳು. "ಇಲ್ಲಿ ಯಾವ ಹೊಸ ನಕ್ಷತ್ರವೂ ಹುಟ್ಟಿಲ್ಲ. ಇದು ನಂಗೂ ಗೊತ್ತು, ಸರ್‌ಗೂ ಗೊತ್ತು."

ಪತ್ರಕರ್ತರೆಲ್ಲ ಪ್ರೊಫೆಸರರ ಕಡೆ ತಿರುಗಿದರು. ಮುಂದಿನ ಸಾಲಿನಲ್ಲಿ ಅಮ್ಮ ಒಬ್ಬಳೇ, ಏನೊಂದೂ ಅರ್ಥವಾಗದೆ, ಜೋರಾಗಿ ಚಪ್ಪಾಳೆ ತಟ್ಟತೊಡಗಿದಳು.