ಕೊನೆಯ ಗುಂಡಿಗೆ ಸೀಟಿ

೧
ನೋವಿನ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ನೋವಿರುವುದು ದೊಡ್ಡಮ್ಮನ ಸೊಂಟದಲ್ಲಿ, ಅಲ್ಲಿಂದಲೇ ಆಗಲಿ ಎಂದುಕೊಂಡೆ. ಮೊದಲ ಡ್ರಾಫ್ಟ್ ಹೀಗಿತ್ತು: 'ಹನ್ನೊಂದು ವರ್ಷಗಳಿಂದ ಆ ಮುದುಕಿ ನರಳುತ್ತಿದ್ದಳು.'

ದೊಡ್ಡಮ್ಮ ಓದಿ ಕನ್ನಡಕವನ್ನು ಹಣೆಗೇರಿಸಿದಳು. "ಯಾರೋ ಮುದುಕಿ? ನಿನ್ನ ಕೋಟಿಗೆ ತೋಳು ಬೇಕೋ ಬೇಡ್ವೋ?"

(ಡ್ರಾಫ್ಟ್ ಕಸದ ಬುಟ್ಟಿ ಸೇರಿತು. ತೋಳು ಮುಖ್ಯ.)

೨
ಸರಿ, ಮರ್ಯಾದೆಯಾಗಿ ಪರಿಚಯ ಮಾಡಿಸುತ್ತೇನೆ. ದೊಡ್ಡಮ್ಮ ಟೈಲರ್. ದೊಡ್ಡಪ್ಪ ರಿಟೈರ್ಡ್ ಬಸ್ ಕಂಡಕ್ಟರ್. ನಾನು ಭಾನುವಾರ ಪುಸ್ತಕ ಬಿಡುಗಡೆ ಇಟ್ಟುಕೊಂಡಿರುವ ಬಡಪಾಯಿ ಲೇಖಕ. ಎರಡು ವರ್ಷದಿಂದ ಮುಸುಕು ಹೊದ್ದಿದ್ದ ಹೊಲಿಗೆ ಮಿಷನ್ನನ್ನು ತೆರೆದು ದೊಡ್ಡಮ್ಮನೇ ಅಂದಳು: "ಭಾನುವಾರ ನನ್ನ ಕಾಲ ಮೇಲೆ ನಿಂತು ನಿನಗೆ ಕೋಟು ತೊಡಿಸಿದ್ರೆ ಅಂಗಡಿ ಮತ್ತೆ ತೆಗೀತೀನಿ. ಇಲ್ಲಾಂದ್ರೆ ಮಿಷನ್ ಯಾರಿಗಾದ್ರೂ ಕೊಟ್ಬಿಡ್ತೀನಿ."

ಅಂದವಳೇ ಅಳತೆ ಟೇಪು ತೆಗೆದು ನನ್ನ ಭುಜಕ್ಕೆ ಹಿಡಿದಳು. ನನಗೆ ಹೆದರಿಕೆಯಾಯಿತು.

೩
ಫಿಸಿಯೋಥೆರಪಿಸ್ಟ್ ಹುಡುಗಿ ಮುಚ್ಚುಮರೆ ಮಾಡಲಿಲ್ಲ. "ನೋವು ಪೂರ್ತಿ ಹೋಗುತ್ತೆ ಅನ್ನಲ್ಲ ಆಂಟಿ. ಇಪ್ಪತ್ತು ನಿಮಿಷ ಹೊಲೀರಿ, ಎದ್ದು ಐದು ನಿಮಿಷ ಓಡಾಡಿ. ನೋವು ಕಮ್ಮಿ ಇದ್ದ ದಿನಾನೂ ಅಷ್ಟೇ. ಈಗ ಹತ್ತಕ್ಕೆ ಎಷ್ಟಿದೆ?"

"ಆರೂಮುಕ್ಕಾಲು."

"ಮುಕ್ಕಾಲೆಲ್ಲ ಬೇಡ ಆಂಟಿ."

"ಅಳತೇಲಿ ಮುಕ್ಕಾಲು ಬಿಟ್ರೆ ಕಂಕುಳಲ್ಲಿ ಹಿಡಿಯುತ್ತೆ ಕಣಮ್ಮ!"

ಹುಡುಗಿ ನಗುತ್ತಾ ಆರೂಮುಕ್ಕಾಲು ಎಂದೇ ಬರೆದುಕೊಂಡಳು. ದೊಡ್ಡಪ್ಪ ತಮ್ಮ ಹಳೇ ಸೀಟಿ ಹುಡುಕಿ ತೆಗೆದರು. ಇಪ್ಪತ್ತು ನಿಮಿಷಕ್ಕೆ "ಸ್ಟಾಪ್ ಬಂತು, ಇಳೀರಿ ಇಳೀರಿ!" ಐದು ನಿಮಿಷ ಕಳೆದರೆ "ರೈಟ್ ರೈಟ್!"

೪
ಬುಧವಾರ ನೋವು ಎರಡೂಕಾಲಿಗೆ ಇಳಿಯಿತು. ದೊಡ್ಡಮ್ಮನಿಗೆ ಹಿಡಿಸಲಾರದಷ್ಟು ಖುಷಿ. ಸೀಟಿಯನ್ನು ದಾರದ ಡಬ್ಬಿಯಲ್ಲಿ ಬಚ್ಚಿಟ್ಟು ಮೂರು ಗಂಟೆ ಒಂದೇ ಸಮ ಹೊಲಿದಳು. ಗುರುವಾರ ಒಂಬತ್ತೂವರೆ. ಎರಡು ದಿನ ಹಾಸಿಗೆ.

(ಪಕ್ಕದಲ್ಲಿ ಕೂತು "ಇನ್ನೊಂದು ತೋಳೂ ಮುಗಿಸಿಬಿಡು" ಎಂದು ಹುರಿದುಂಬಿಸಿದವನು ನಾನೇ. ಕಥೆಗೆ ವೇಗ ಬೇಕಿತ್ತಲ್ಲ. ನನಗಿಷ್ಟು ಬೆಂಕಿ ಹಾಕ.)

"ಮಿಷನ್ ಕೊಟ್ಬಿಡ್ರಿ," ಎಂದು ಶುಕ್ರವಾರ ರಾತ್ರಿ ಗೋಡೆಗೆ ಮುಖ ತಿರುಗಿಸಿ ಅತ್ತಳು.

ದೊಡ್ಡಪ್ಪ ಬಿಸಿನೀರಿನ ಚೀಲ ಒತ್ತಿಟ್ಟರು. "ಬಸ್ಸು ಕೆಟ್ಟು ನಿಂತ್ರೆ ಗುಜರಿಗೆ ಹಾಕ್ತಾರೇನೇ? ನಾಳೆ ಐದೈದು ನಿಮಿಷದ ಟ್ರಿಪ್ಪು ಹೊಡಿಯೋಣ, ಸುಮ್ನಿರು."

ಶನಿವಾರ ಹಾಗೇ ಹೊಲಿದಳು. ಐದು ನಿಮಿಷ, ಸೀಟಿ, ಓಡಾಟ. ಸಂಜೆಗೆ ಎರಡನೇ ತೋಳು ಕೂತಿತು.

೫
ಮುಕ್ತಾಯ ಒಂದು: ನೋವು ಮಂಗಮಾಯ, ದೊಡ್ಡಮ್ಮ ಕುಣಿಯುತ್ತಾಳೆ. ("ಸುಳ್ಳು ಬರೀಬೇಡ್ವೋ, ನನ್ನಂಥವ್ರು ಓದಿದ್ರೆ ಉಗೀತಾರೆ.")

ಮುಕ್ತಾಯ ಎರಡು: ಮಿಷನ್ ಮನೆಬಿಟ್ಟು ಹೋಗುತ್ತದೆ, ಎಲ್ಲರ ಕಣ್ಣಲ್ಲೂ ನೀರು. (ಇಷ್ಟು ಬರೆಯುವಷ್ಟರಲ್ಲಿ ದೊಡ್ಡಪ್ಪ ನನ್ನ ಕಿವಿಯ ಹತ್ತಿರವೇ ಸೀಟಿ ಊದಿದರು.)

೬
ಭಾನುವಾರ ಬೆಳಿಗ್ಗೆ. ಉಳಿದದ್ದು ಒಂದೇ ಗುಂಡಿ. ಸೂಜಿಗೆ ದಾರ ಪೋಣಿಸಿದ್ದಾಗಿತ್ತು. ಸೀಟಿ ಕೇಳಿಸಿತು.

"ದೊಡ್ಡಮ್ಮಾ, ಎರಡೇ ನಿಮಿಷ! ನನ್ನ ಕಥೆಗೂ ಒಂದು ಕೊನೆ ಸಿಗುತ್ತೆ."

ಅವಳ ಕೈ ಅರ್ಧದಲ್ಲೇ ನಿಂತಿತು. ಗುಂಡಿ ನೋಡಿದಳು, ನನ್ನನ್ನು ನೋಡಿದಳು. ದೊಡ್ಡಪ್ಪ ಬಾಯಲ್ಲಿದ್ದ ಸೀಟಿ ತೆಗೆಯುವುದನ್ನೇ ಮರೆತರು.

"ಇನ್ನೊಂದೇ, ಇನ್ನೊಂದೇ ಅಂತಾನೇ ಇಷ್ಟು ವರ್ಷ ಹಾಳಾದೆ ಕಣೋ."

ಸೂಜಿಯನ್ನು ಪಿನ್ನಿನ ದಿಂಬಿಗೆ ಚುಚ್ಚಿ, ಮೇಜು ಹಿಡಿದು, ಮೆಲ್ಲಗೆ ಎದ್ದಳು. ತನ್ನ ಕಾಲ ಮೇಲೆ ನಿಂತು ನನಗೆ ಕೋಟು ತೊಡಿಸಿದಳು. ಭುಜ ತಟ್ಟಿ ಸುಕ್ಕು ಬಿಡಿಸಿದಳು.

"ಎಷ್ಟಿದೆ?" ಎಂದೆ.

"ನಾಲ್ಕೂಕಾಲು," ಎಂದು ನಕ್ಕಳು. "ರೀ, ನಾಳೆ ಅಂಗಡಿ ಕೀಲಿಕೈ ಹುಡುಕಿಡಿ."

೭
ಒಂದು ಗುಂಡಿಯಿಲ್ಲದ ಕೋಟಿನಲ್ಲೇ ವೇದಿಕೆ ಹತ್ತಿದೆ. ನನ್ನ ಭಾಷಣ ಇಪ್ಪತ್ತು ನಿಮಿಷ ದಾಟಿದ್ದೇ ತಡ, ಮೊದಲ ಸಾಲಿನಿಂದ ಸೀಟಿ ಮೊಳಗಿತು. ದೊಡ್ಡಮ್ಮ ಎದ್ದಳು. ಅವಳ ಹಿಂದೆ ಇಡೀ ಸಭೆಯೇ ಎದ್ದು, ಮೈಮುರಿದು, ಹಾಯಾಗಿ ನಕ್ಕು ಚಪ್ಪಾಳೆ ತಟ್ಟಿತು. ಅಷ್ಟು ಚಪ್ಪಾಳೆ ನನ್ನ ಪುಸ್ತಕಕ್ಕೆ ಬೀಳಲಿಲ್ಲ, ಅದು ಬೇರೆ ವಿಷಯ.

ಗುಂಡಿ ಇನ್ನೂ ನನ್ನ ಜೇಬಿನಲ್ಲೇ ಇದೆ. ಅಂಗಡಿಯಲ್ಲಿ ಗಿರಾಕಿಗಳು ಸಾಲುಗಟ್ಟಿದ್ದಾರೆ, ನನ್ನ ಸರದಿ ಬಂದಿಲ್ಲ. ಕೊನೆಗೆ ಏನಾಯಿತು ಎಂದು ಕೇಳಬೇಡಿ. ತುಂಬಾ ಹೊತ್ತಿನಿಂದ ಕೂತಿದ್ದೀರಿ, ಎದ್ದು ನಾಲ್ಕು ಹೆಜ್ಜೆ ಓಡಾಡಿ ಬನ್ನಿ.