ಮಡಂತ್ಯಾರಿನ ಮೂವತ್ತೊಂದು ಅರ್ಜಿಗಳು

ಮಡಂತ್ಯಾರಿನ ಗೋಳಿಮರದ ಬುಡದಲ್ಲಿ ಒಂದು ಮೇಜು, ಈಚೆಗೊಂದು ಸ್ಟೂಲು, ಆಚೆಗೊಂದು ಬೆಂಚು. ಸ್ಟೂಲಿನ ಮೇಲೆ ಅರ್ಜಿ ಬರೆಯುವ ಧರ್ಣಪ್ಪ ಗೌಡ. ನೆರಿಯ ಎಂಬ ಊರಿನ ಕಾಡಂಚಿನಿಂದ ಇಳಿದು ಬಂದು, ಎಂಟನೇ ತರಗತಿಯ ಕನ್ನಡವನ್ನೇ ಬಂಡವಾಳ ಮಾಡಿಕೊಂಡು ಅವನು ಅಲ್ಲಿ ಕೂತು ಹದಿನಾಲ್ಕು ವರ್ಷವಾಗಿತ್ತು. ಊರು ಮಾತಾಡುವುದು ತುಳು, ಸರಕಾರ ಓದುವುದು ಕನ್ನಡ. ನಡುವೆ ದಾಟಲು ಇದ್ದ ಕಾಲುಸಂಕ ಧರ್ಣಪ್ಪ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸು ಆ ಮರದಡಿಯೇ ನಿಲ್ಲುತ್ತಿತ್ತು. ಬಸ್ಸಿಗೆ ಕಾಯುವವರು ಬೆಂಚಿನ ಮೇಲೆ ಕೂರುತ್ತಿದ್ದರು, ಕೂತವರಿಗೆ ಯಾವುದಾದರೊಂದು ದೂರು ನೆನಪಾಗುತ್ತಿತ್ತು. ಅವನ ಮನೆಯ ಒಲೆ ಉರಿಯುತ್ತಿದ್ದುದು ಹಾಗೆ.

ಅವನಿಗೊಂದು ವ್ರತವಿತ್ತು. ಬೆಂಚಿನ ಮೇಲೆ ಯಾರು ಕೂತರೂ ಅವರ ಪರವಾಗಿ ಬರೆಯಬೇಕು, ಚೆನ್ನಾಗಿಯೇ ಬರೆಯಬೇಕು. ಬೆಳಿಗ್ಗೆ ಒಂದು ಮನೆಯ ಅಣ್ಣನಿಗೆ ಬೇಲಿಯ ಅರ್ಜಿ ಬರೆದುಕೊಟ್ಟು, ಮಧ್ಯಾಹ್ನ ತಮ್ಮನಿಗೆ ಅದೇ ಬೇಲಿಯ ಮೇಲೆ ತಕರಾರು ಬರೆದುಕೊಟ್ಟದ್ದೂ ಉಂಟು. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕಿದವನಲ್ಲ. ಅಕ್ಷರವಂತೂ ಮುತ್ತು ಪೋಣಿಸಿದ ಹಾಗೆ. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವಿತ್ತು; ಸ್ವಲ್ಪವೇನು, ಸಾಕಷ್ಟೇ ಇತ್ತು.

ಸಾವಿರದ ಒಂಬೈನೂರ ಅರುವತ್ತನಾಲ್ಕರಲ್ಲಿ ಸಾರಿಗೆ ಇಲಾಖೆಯವರು ಗೋಳಿಮರಕ್ಕೇ ಒಂದು ನೋಟೀಸು ಅಂಟಿಸಿ ಹೋದರು. ಇನ್ನು ಕೈ ಅಡ್ಡ ಹಿಡಿದಲ್ಲೆಲ್ಲ ಬಸ್ಸು ನಿಲ್ಲತಕ್ಕದ್ದಲ್ಲ; ಊರಿಗೊಂದೇ ತಂಗುದಾಣ. ಮಡಂತ್ಯಾರಿನಲ್ಲಿ ಅದು ಮರದಡಿಯಲ್ಲಿರಬೇಕೋ, ಎರಡು ಫರ್ಲಾಂಗು ಆಚೆಗೆ ಶಾಲೆಯ ಬಳಿ ಇರಬೇಕೋ ಎಂಬ ಬಗ್ಗೆ ಸಾರ್ವಜನಿಕರು ಮೂವತ್ತು ದಿನಗಳೊಳಗೆ ಲಿಖಿತವಾಗಿ ಅಭಿಪ್ರಾಯ ತಿಳಿಸಬಹುದು. ಊರಿಗೆ ಪರಮಾಶ್ಚರ್ಯ. ಸರಕಾರ ಇದುವರೆಗೆ ತೀರ್ವೆ ಕೇಳಿತ್ತು, ವೋಟು ಕೇಳಿತ್ತು. ಅಭಿಪ್ರಾಯ ಕೇಳಿದ್ದು ಇದೇ ಮೊದಲು.

ಮೊದಲು ಬಂದು ಬೆಂಚಿನ ಮೇಲೆ ಕೂತವರು ಊರಿನ ದೊಡ್ಡ ಮನೆಯಾದ ಗುತ್ತಿನ ಯಜಮಾನ ನಿತ್ಯಾನಂದ ಶೆಟ್ಟರು. ಊರಿನ ಅರ್ಧ ಜನ ಅವರ ಒಕ್ಕಲು. ಶಾಲೆಯ ಪಕ್ಕ ಅವರು ಹೊಸದಾಗಿ ನಾಲ್ಕು ಕೋಣೆಯ ಅಂಗಡಿ ಸಾಲು ಕಟ್ಟಿಸಿದ್ದರು.

"ಬಸ್ಸು ಅಲ್ಲಿ ನಿಂತರೆ ಅಂಗಡಿಗೆ ಜನ ಆಗ್ತದೆ. ಚಂದ ಮಾಡಿ ಬರಿ ಮಾರಾಯ" ಎಂದರು.

ಬಸ್ಸು ಅಲ್ಲಿಗೆ ಹೋದರೆ ಮರದಡಿ ಉಳಿಯುವುದು ಧರ್ಣಪ್ಪ ಮತ್ತು ಕಾಗೆಗಳು. ಆದರೆ ವ್ರತ ವ್ರತವೇ. ಪೆನ್ನು ಹಿಡಿದ. ಹಿಡಿದ ಮೇಲೆ ಪೆನ್ನು ಅವನ ಮಾತು ಕೇಳಲಿಲ್ಲ: "ಗೋಳಿಮರದ ಬಳಿ ರಸ್ತೆಯು ಕುಡುಗೋಲಿನಂತೆ ಬಾಗಿರುವುದರಿಂದ, ಬರುವ ಬಸ್ಸು ನಿಂತ ಮನುಷ್ಯನನ್ನು ಕಾಣುವುದಕ್ಕೆ ಮೊದಲೇ ಆ ಮನುಷ್ಯನು ದೇವರನ್ನು ಕಾಣುವ ಸಂಭವವುಂಟು."

ಮಧ್ಯಾಹ್ನ ಗಂಜಿಗೆ ಕೂತಾಗ ಹೆಂಡತಿ ಲೋಲಾಕ್ಷಿಗೆ ಆ ವಾಕ್ಯವನ್ನು ಬಾಯಿಪಾಠ ಒಪ್ಪಿಸಿದ. ಅಷ್ಟು ಒಳ್ಳೆಯ ವಾಕ್ಯ ಹದಿನಾಲ್ಕು ವರ್ಷದಲ್ಲಿ ಬಂದಿರಲಿಲ್ಲ.

"ತಿರುವಿನ ಸುದ್ದಿ ಶೆಟ್ರು ಹೇಳಿದ್ದಾ?" ಎಂದಳು ಲೋಲಾಕ್ಷಿ.

"ಇಲ್ಲ. ನನಗೇ ಹೊಳೆದದ್ದು."

"ಹೊಳೆದರೆ ನುಂಗಿಕೊಂಡು ಕೂರ್ಲಿಕ್ಕೆ ಆಗ್ಲಿಲ್ವಾ? ಕೂತ ಕೊಂಬೆಯನ್ನೇ ಕಡಿಯುವವರು ಉಂಟು ಅಂತ ಕೇಳಿದ್ದೆ. ಕಡಿದು, ಕತ್ತಿಗೆ ಶಹಬ್ಬಾಸ್ ಹೇಳುವವರನ್ನು ಇವತ್ತೇ ನೋಡಿದ್ದು" ಎಂದು ಅವಳು ಉಪ್ಪಿನಕಾಯಿಯ ಭರಣಿ ಮುಚ್ಚಿದಳು. ಧರ್ಣಪ್ಪ ಬರೀ ಗಂಜಿ ಉಂಡ.

ಆಮೇಲಿನ ದಿನಗಳಲ್ಲಿ ಅವನಿಗೆ ಧೈರ್ಯ ಬಂತು. ಬಂದವರೆಲ್ಲ ಮರದ ಪರ. ಮರದೆದುರು ಚಾದಂಗಡಿ ಇಟ್ಟಿದ್ದ ಸುಧಾಕರ ಬಂದ. ಒಣಮೀನು ಮಾರುವ ಅಬೂಬಕ್ಕರ್ ಬಂದ. ಕೋಳಿಬುಟ್ಟಿ ಹೊತ್ತು ಬಂಟ್ವಾಳ ಪೇಟೆಗೆ ಹೋಗುವ ರುಖಿಯಮ್ಮ ಬಂದು, ಎರಡು ಫರ್ಲಾಂಗು ಹೆಚ್ಚು ನಡೆದರೆ ಕೋಳಿಗಳು ಬಿಸಿಲಿಗೆ ಬಾಡುತ್ತವೆ ಎಂದು ಬರೆಸಿದಳು. ಹೀಗೆ ಮೂವತ್ತು ಜನ. ಮೂವತ್ತೂ ಜನ ಏಳುವಾಗ ಹೇಳಿದ್ದು ಒಂದೇ ಮಾತು: "ಶೆಟ್ರಿಗೆ ಗೊತ್ತಾಗುವುದು ಬೇಡ."

ವಿಚಾರಣೆಗೆ ಮಂಗಳೂರಿನಿಂದ ಜೀಪಿನಲ್ಲಿ ಬಂದ ಅಧಿಕಾರಿ ಅಬ್ದುಲ್ ಮಜೀದ್ ಎಂಬವರು, ತುಮಕೂರಿನ ಕಡೆಯವರು. ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ. ಮುಂದಿನ ಸಾಲಿನಲ್ಲಿ ಶೆಟ್ಟರು ಎಲೆಯಡಿಕೆ ಮೆಲ್ಲುತ್ತ ಕೂತಿದ್ದರು.

"ಗೋಳಿಮರದ ಹತ್ತಿರವೇ ಬಸ್ ನಿಲ್ಲಬೇಕು ಅನ್ನೋರು ಎದ್ದು ಹೇಳಬಹುದು" ಎಂದರು ಸಾಹೇಬರು.

ಯಾರೂ ಏಳಲಿಲ್ಲ. ಸಾಹೇಬರು ಒಬ್ಬೊಬ್ಬರನ್ನೇ ಕೇಳಿದರು. ಸುಧಾಕರ ಕೈ ಕಟ್ಟಿ, "ಶೆಟ್ರು ಹೇಳಿದ ಹಾಗೆ" ಎಂದ. ಅಬೂಬಕ್ಕರ್ ಅದನ್ನೇ ಹೇಳಿದ. ರುಖಿಯಮ್ಮ, "ಬಸ್ಸು ಎಲ್ಲಿ ನಿಂತರೂ ಆಗ್ತದೆ. ಕೋಳಿಗೆ ನಡೆದು ಅಭ್ಯಾಸ ಉಂಟು" ಎಂದಳು. ಬುಟ್ಟಿಯಲ್ಲಿ ಕೂತು ಹೋಗುವ ಕೋಳಿಗಳಿಗೆ ಈ ಅಭ್ಯಾಸ ಯಾವಾಗ ಆಯಿತೋ ದೇವರಿಗೇ ಗೊತ್ತು.

ಸಾಹೇಬರು ಗಲಿಬಿಲಿಗೊಂಡು ಕಡತ ಬಿಡಿಸಿದರು. "ಬಾಯಲ್ಲಿ ಎಲ್ಲರೂ ಶಾಲೆ ಕಡೆ. ಕಾಗದದಲ್ಲಿ ಮೂವತ್ತು ಜನ ಮರದ ಕಡೆ. ಮೂವತ್ತೊಂದು ಅರ್ಜಿಯಲ್ಲೂ ಕೈಬರಹ ಒಂದೇ. ಯಾರೋ ಸುಳ್ಳು ಅರ್ಜಿ ಕಟ್ಟಿದ್ದಾರೆ. ಇರಲಿ, ಹೆಸರು ಓದಿಬಿಡ್ತೀನಿ, ಬರೆಸಿದ್ದೋ ಇಲ್ಲವೋ ಅವರೇ ಹೇಳಲಿ." ಮೇಲಿನ ಕಾಗದ ಎತ್ತಿಕೊಂಡರು.

ಮೂವತ್ತು ಜನ ಒಮ್ಮೆಲೇ ಮಾಡಿನ ಹಂಚು ಎಣಿಸತೊಡಗಿದರು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಧರ್ಣಪ್ಪ ಲೆಕ್ಕ ಹಾಕಿದ. ಹೆಸರು ಓದಿದರೆ ಕೆಲವರಾದರೂ ಒಪ್ಪಿಕೊಂಡಾರು, ಮೇಜು ಉಳಿದೀತು. ಆದರೆ ಒಪ್ಪಿಕೊಂಡವನು ನಾಳೆ ಗುತ್ತಿನ ಅಂಗಳದಲ್ಲಿ ಏನೆಂದು ನಿಲ್ಲಬೇಕು? ಬೆಂಚಿನ ಮೇಲೆ ಆಡಿದ ಮಾತು ಬೆಂಚಿನಲ್ಲೇ ಇರುತ್ತದೆಂದು ನಂಬಿ ಬಂದವರು ಅವರು.

"ಹೆಸರು ಓದಬೇಡಿ ಸಾಹೇಬ್ರೇ" ಎಂದ.

"ನೀವು ಯಾರು?"

"ಅದನ್ನೆಲ್ಲ ಬರೆದವ. ಅಕ್ಷರ ನನ್ನದು, ಮಾತು ಅವರದ್ದು. ಯಾರದ್ದು ಯಾವುದು ಅಂತ ಕೇಳಿದರೆ ನಾನು ಹೇಳುವುದಿಲ್ಲ. ನಮ್ಮ ಊರಲ್ಲಿ ಸಭೆಯಲ್ಲಿ ಕೇಳಿದರೆ ಮರ್ಯಾದೆಯ ಮಾತು ಬರ್ತದೆ. ಬೇಕಾದ ಮಾತು ಬೆಂಚಿನಲ್ಲಿ ಬರ್ತದೆ. ಸುಳ್ಳು ಅಂತ ಕಂಡರೆ ನಾಳೆ ಒಂದು ದಿನ ನನ್ನ ಸ್ಟೂಲಿನಲ್ಲಿ ನೀವೇ ಕೂತು ನೋಡಿ. ನಾನು ಹತ್ತಿರ ಬರುವುದಿಲ್ಲ."

ಶೆಟ್ಟರು ಕಿಟಕಿಯಿಂದಾಚೆ ಉಗಿದು ಬಂದು, "ಕೂತು ನೋಡಲಿ. ನನಗೇನು ನಷ್ಟ?" ಎಂದರು. ಅವರಿಗೆ ತಮ್ಮ ಅರ್ಜಿಯ ಮೇಲೆ ಅಷ್ಟು ಭರವಸೆ. ಬರೆದವನು ಧರ್ಣಪ್ಪನಲ್ಲವೇ?

ಮರುದಿನ ಬೆಳಿಗ್ಗೆ ಸಾಹೇಬರು ಮೇಜಿಗೆ ಬಂದು ಕೂತರು. ಧರ್ಣಪ್ಪ ಸುಧಾಕರನ ಚಾದಂಗಡಿಯ ಮೂಲೆಯಲ್ಲಿ, ಸ್ವಂತ ಮನೆಗೆ ನೆಂಟನಾಗಿ ಬಂದವನ ಹಾಗೆ ಕೂತು ನೋಡಿದ. ಮೊದಲ ಬಸ್ಸು ಬಂದು ಹೋಗುವವರೆಗೆ ಯಾರೂ ಹತ್ತಿರ ಸುಳಿಯಲಿಲ್ಲ. ಆಮೇಲೆ ರುಖಿಯಮ್ಮ ಬುಟ್ಟಿ ಇಳಿಸಿ ಬೆಂಚಿನ ಮೇಲೆ ಕೂತಳು. ಮತ್ತೆ ಹೇಳುವುದೇನು, ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಬಂದವರು ಶಾಲೆಯ ಕನ್ನಡವನ್ನು ಅಕ್ಕಿಯಲ್ಲಿ ಕಲ್ಲು ಹೆಕ್ಕುವಷ್ಟು ನಿಧಾನವಾಗಿ ಆಡಿದರು; ಆದರೆ ಆಡಿದರು. ಬಸ್ಸಿನದು ಮುಗಿದ ಮೇಲೆ ಬಾವಿಯದು, ಸೊಸೆಯದು, ಪೋಸ್ಟ್‌ಮ್ಯಾನಿನದು. ಸಾಹೇಬರು ಮೂರು ಸಲ ಬೆರಳು ನೀವಿಕೊಂಡರು. ಸಂಜೆಯ ಹೊತ್ತಿಗೆ ಒಕ್ಕಲುಗಳ ಕಣ್ಣು ತಪ್ಪಿಸಿ ಶೆಟ್ಟರೂ ಬಂದು ಕೂತು, ತಮಗೂ ಹಳೇ ಜಾಗವೇ ವಾಸಿ, ಅಂಗಡಿ ಕಟ್ಟಿಸಿದ್ದು ಅಳಿಯನ ಒತ್ತಾಯಕ್ಕೆ, ಇದು ಯಾರಿಗೂ ಗೊತ್ತಾಗಬಾರದು ಎಂದು ಹೇಳಿ ಹೋದರಂತೆ. ಈ ಮಾತು ಹೊರಬಿದ್ದದ್ದು ಬಹಳ ವರ್ಷಗಳ ಮೇಲೆ.

ಜನ ಕರಗಿದ ಮೇಲೆ ಸಾಹೇಬರು ಕೈ ಸನ್ನೆ ಮಾಡಿ ಧರ್ಣಪ್ಪನನ್ನು ಕರೆದರು. "ಬನ್ನಿ ಗೌಡ್ರೇ. ಕೂತ್ಕೊಳ್ಳಿ. ನಿಮ್ಮದೇನು?"

ಧರ್ಣಪ್ಪ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಬೆಂಚಿನ ಮೇಲೆ ಕೂತ. ಅದು ಒಂದು ಕಡೆಗೆ ವಾಲುತ್ತದೆಂದು ಅವನಿಗೆ ಅವತ್ತೇ ತಿಳಿದದ್ದು.

"ಬಸ್ಸು ಇಲ್ಲೇ ನಿಲ್ಲಬೇಕು."

"ಕಾರಣ?"

ಪರರಿಗಾಗಿ ಒಂದೇ ಉಸಿರಿಗೆ ಏಳು ಕಾರಣ ಹುಟ್ಟಿಸುತ್ತಿದ್ದವನಿಗೆ ತನಗೆಂದು ಒಂದೂ ಹೊಳೆಯಲಿಲ್ಲ. ನಾಚಿಕೆಯಾಯಿತು, ಕಣ್ಣೂ ಒದ್ದೆಯಾಯಿತು.

"ಇಲ್ಲಿ ಕೂತು ಹದಿನಾಲ್ಕು ವರ್ಷ ಆಯ್ತು" ಎಂದ. ಸಾಹೇಬರು ಅಷ್ಟನ್ನೇ ಬರೆದುಕೊಂಡರು. ಅವರ ಅಕ್ಷರ ಕಾಗೆಯ ಕಾಲಿನ ಹಾಗಿತ್ತು.

ಎರಡು ತಿಂಗಳಿಗೆ ಆದೇಶ ಬಂತು. ಓದಿ ಹೇಳಬೇಕಾದವನೂ ಧರ್ಣಪ್ಪನೇ. ಊರೆಲ್ಲ ಮರದಡಿ ಸೇರಿತು, ಲೋಲಾಕ್ಷಿಯೂ ಬಂದಳು. ಅವನು ಎದ್ದು ನಿಂತು ಓದಿದ. ಮೂವತ್ತು ಅರ್ಜಿಗಳಲ್ಲಿ ಹೇಳಿದ ಅನುಕೂಲಗಳು ನಿಜವೇ. ಆದಾಗ್ಯೂ ಮೊದಲನೆಯ ಅರ್ಜಿಯ ಒಂದು ವಾಕ್ಯಕ್ಕೆ ಯಾರಲ್ಲೂ ಉತ್ತರವಿಲ್ಲ. "ಗೋಳಿಮರದ ಬಳಿ ರಸ್ತೆಯು ಕುಡುಗೋಲಿನಂತೆ..." ಧರ್ಣಪ್ಪನ ಸ್ವರ ತಾನಾಗಿ ಏರಿತು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ದೇವರನ್ನು ಕಾಣುವವರೆಗೆ ಓದಿ ಮುಗಿಸಿದ ಮೇಲೆಯೇ ಅವನಿಗೆ ತನ್ನ ತಲೆಯ ಮೇಲೆ ಬಿದ್ದದ್ದೇನೆಂದು ಅರ್ಥವಾದದ್ದು. ತಂಗುದಾಣ ಶಾಲೆಯ ಬಳಿಗೆ.

"ಕೆಳಗೆ ಇನ್ನೂ ಬರೆದಿದೆಯಲ್ಲ, ಓದು" ಎಂದರು ಶೆಟ್ಟರು.

ಧರ್ಣಪ್ಪ ಕಣ್ಣೊರೆಸಿಕೊಂಡು ಓದಿದ. ಮೂವತ್ತೆರಡನೆಯ ಅರ್ಜಿದಾರನು ಹದಿನಾಲ್ಕು ವರ್ಷ ಕೂತಿರುವುದು ತಂಗುದಾಣ ನಿರ್ಧರಿಸುವುದಕ್ಕೆ ಕಾರಣವಾಗಲಾರದು. ಆದರೆ ಈ ಊರಿನಲ್ಲಿ ಸಾರ್ವಜನಿಕರ ಅಭಿಪ್ರಾಯವು ಬೇರೆಲ್ಲಿಯೂ ದೊರೆಯದೆ ಇರುವುದರಿಂದ, ಹೊಸ ತಂಗುದಾಣದ ಮೂಡುಮೂಲೆಯಲ್ಲಿ ಒಂದು ಮೇಜು, ಒಂದು ಬೆಂಚಿಗೆ ಬೇಕಾದಷ್ಟು ಜಾಗ ಬಿಡತಕ್ಕದ್ದು.

ಅವನು ಕಾಗದ ಮಡಚಿ ಜೇಬಿಗಿಟ್ಟ. ಲೋಲಾಕ್ಷಿ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, "ಇವತ್ತು ಉಪ್ಪಿನಕಾಯಿ ಹಾಕ್ತೇನೆ" ಎಂದಳು. ಜನ ಮಾತಾಡುತ್ತ ಚದುರಿದರು. ಧರ್ಣಪ್ಪ ಸ್ಟೂಲಿನ ಮೇಲೆ ಕೂತು ತಲೆಯೆತ್ತಿದರೆ ಎದುರಿಗೆ ಬೆಂಚಿನ ಮೇಲೆ ರುಖಿಯಮ್ಮ, ಪಕ್ಕದಲ್ಲಿ ಬುಟ್ಟಿ.

"ಆ ಮೂಡುಮೂಲೆಗೆ ಮಳೆಯ ಇರಚಲು ಹೊಡೆಯುವುದಿಲ್ಲ ಧರ್ಣಪ್ಪಣ್ಣ. ಅದು ನನ್ನ ಕೋಳಿಗಳಿಗೆ ಆಗಬೇಕು. ಒಂದು ತಕರಾರು ಬರೆದುಕೊಡಿ" ಎಂದಳು.

ಧರ್ಣಪ್ಪ ಅವಳನ್ನು ನೋಡಿದ, ಕೋಳಿಗಳನ್ನು ನೋಡಿದ, ಮನೆಯ ದಾರಿ ಹಿಡಿದಿದ್ದ ಲೋಲಾಕ್ಷಿಯ ಬೆನ್ನು ನೋಡಿದ. ನಿಟ್ಟುಸಿರಿಟ್ಟು ಕಾಗದ ಬಿಡಿಸಿದ. "ಮನುಷ್ಯನು ಮಳೆ ಬಂದರೆ ಕೊಡೆ ಬಿಡಿಸಿಯಾನು, ಕೋಳಿಯು ಏನನ್ನು ಬಿಡಿಸಬೇಕು" ಎಂದು ಶುರುಮಾಡಿದ.

ಅರ್ಜಿ ಬಹಳ ಚೆನ್ನಾಗಿ ಬರುತ್ತಿತ್ತು.